ನೆಲ ಒಣಗಿದೆ, ಕೂಲಂಟ್ ಮಾತ್ರ ಖಾಲಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇಲಿ ಸುಮಾರು 60 ಕಿಲೋಮೀಟರ್. ಏಪ್ರಿಲ್ ಬಿಸಿಲಲ್ಲೂ ನನ್ನ ಹಳೇ ಪೆಟ್ರೋಲ್ ಕಾರು ಆ ದಾರಿಯಲ್ಲಿ ಏನೂ ತಕರಾರು ಮಾಡುತ್ತಿರಲಿಲ್ಲ. ವಾಪಸ್ ಬಂದು ಪಿ.ಬಿ. ರೋಡಿನ ಟ್ರಾಫಿಕ್‌ನಲ್ಲಿ ನಿಂತರೆ ಸಾಕು, ಹೀಟ್ ಮೀಟರಿನ ಮುಳ್ಳು ಮೇಲೇರುತ್ತಿತ್ತು. ಜೊತೆಗೆ ಬಾಟಲಿಯಲ್ಲಿ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡೋ ದ್ರವ, ಇಳಿಯುತ್ತಿತ್ತು. ಗಾಡಿ ಕೆಳಗೆ ನೋಡಿದರೆ ಒಂದು ಹನಿಯೂ ಇಲ್ಲ.

ಯಾವಾಗ ಹೀಟ್ ಆಗುತ್ತೆ ಅನ್ನೋದನ್ನ ಮೊದಲು ಗಮನಿಸಬೇಕು. ಓಡುವಾಗ ಕೂಲಂಟನ್ನು ತಣಿಸೋ ರೇಡಿಯೇಟರ್‌ಗೆ ಗಾಳಿ ತಾನಾಗೇ ಬಡಿಯುತ್ತೆ, ನಿಂತಾಗ ಫ್ಯಾನೇ ಗತಿ. ಹೈವೇಯಲ್ಲೇ ಹೀಟ್ ಆಗಿದ್ದರೆ ರೇಡಿಯೇಟರ್ ಒಳಗೆ ಕಟ್ಟಿದೆಯೋ, ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲಂಟಿಗೆ ದಾರಿ ಬಿಡೋ ವಾಲ್ವ್) ಪೂರ್ತಿ ತೆರೆಯುತ್ತಿಲ್ಲವೋ ಅಂತ ನೋಡುತ್ತಿದ್ದೆ. ನನ್ನದು ನಿಂತಾಗ ಮಾತ್ರ, ಹಾಗಾಗಿ ಫ್ಯಾನಿಂದ ಶುರು ಮಾಡಿದೆ. ಎಸಿ ಹಾಕಿದಾಗಲೂ ತಿರುಗಿತು, ಎಸಿ ಇಲ್ಲದೆ ಇಂಜಿನ್ ಬಿಸಿಯಾದಾಗಲೂ ತಿರುಗಿತು. ಅಲ್ಲಿಗೆ ಫ್ಯಾನ್ ಮಾತು ಮುಗೀತು.

ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದವರೇ, ‘ಹೆಡ್ ಗ್ಯಾಸ್ಕೆಟ್ ಹೋಗೇತಿ ಸರ್, ಹೆಡ್ ಇಳಿಸಬೇಕು’ ಅಂದುಬಿಟ್ಟರು. ಇಂಜಿನ್ನಿನ ಮೇಲ್ಭಾಗಕ್ಕೂ (ಹೆಡ್) ಕೆಳಭಾಗಕ್ಕೂ ನಡುವಿನ ಸೀಲ್ ಅದು, ಹೋದರೆ ಕೂಲಂಟ್ ಇಂಜಿನ್ ಒಳಗೆ ಸೇರಬಹುದು. ಹೋಗಿರಲೂಬಹುದು. ಆದರೆ ಅದು ದೊಡ್ಡ ಖರ್ಚು, ಸುಮ್ನೆ ನಂಬೋ ಮಾತಲ್ಲ. ಆಯಿಲ್ ಮುಚ್ಚಳ ತೆಗೆದು ನೋಡಿದೆ, ಒಳಗೆ ಮಜ್ಜಿಗೆ ಬಣ್ಣದ ಜಿಡ್ಡು ಇರಲಿಲ್ಲ. ಇಂಜಿನ್ ಓಡುವಾಗ ಕೂಲಂಟ್ ಬಾಟಲಿಯಲ್ಲಿ ಗುಳ್ಳೆ ಏಳುತ್ತಿರಲಿಲ್ಲ. ಇಂಜಿನ್ ಬಿಸಿಯಾದ ಮೇಲೆ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆಯೂ ಇಲ್ಲ. (ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರೋ ತೆಳು ಹಬೆ ಬೇರೆ, ಅದಕ್ಕೆ ಹೆದರಬೇಕಿಲ್ಲ.) ಮುಂದಿನ ಸೀಟಿನ ಮ್ಯಾಟ್ ಕೆಳಗೆ ಕೈ ಆಡಿಸಿದೆ, ಒಣಗಿತ್ತು. ಕಾರೊಳಗಿನ ಹೀಟರಿಗೂ ಇದೇ ಕೂಲಂಟ್ ಹೋಗುತ್ತೆ, ಅದು ಸೋರಿದ್ದರೆ ಅಲ್ಲಿ ಒದ್ದೆಯಾಗಿ, ಕಾರೊಳಗೆ ಸಿಹಿ ವಾಸನೆ ಬರುತ್ತಿತ್ತು.

ಆಮೇಲೆ ಪರಿಚಯದ ಮೆಕ್ಯಾನಿಕ್ ಹತ್ತಿರ ಪ್ರೆಷರ್ ಟೆಸ್ಟರ್ ಕೇಳಿ ತಂದೆ. ಸೈಕಲ್ ಪಂಪಿನ ಥರದ್ದು, ಮೀಟರ್ ಇರುತ್ತೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ರೇಡಿಯೇಟರ್ ಕ್ಯಾಪ್ ತೆಗೀಬೇಕು, ಇಲ್ಲಾಂದ್ರೆ ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ. ನನ್ನ ಕ್ಯಾಪ್ ಮೇಲೆ 1.1 ಅಂತ ಇತ್ತು, ಅಂದರೆ ಅದು ತಡೆಯೋ ಪ್ರೆಷರ್ 1.1 ಬಾರ್. ಕ್ಯಾಪ್ ಜಾಗದಲ್ಲಿ ಟೆಸ್ಟರ್ ಕೂರಿಸಿ ಅಷ್ಟಕ್ಕೇ ಪಂಪ್ ಮಾಡಿ ಬಿಟ್ಟೆ. ಮುಳ್ಳು ನಿಧಾನಕ್ಕೆ ಇಳೀತಾ ಬಂತು, ಅಂದರೆ ಎಲ್ಲೋ ಸೋರುತ್ತಿದೆ. ಟಾರ್ಚ್ ಹಿಡಿದು ಹೋಸ್ ಪೈಪುಗಳ ಕ್ಲಾಂಪು, ವಾಟರ್ ಪಂಪಿನ ಅಡಿಯ ಸಣ್ಣ ತೂತು ಎಲ್ಲಾ ನೋಡಿದೆ. ಕೊನೆಗೆ ಸಿಕ್ಕಿದ್ದು ರೇಡಿಯೇಟರ್ ಪಕ್ಕದಲ್ಲಿ. ಪ್ಲಾಸ್ಟಿಕ್ ಟ್ಯಾಂಕನ್ನು ಅಲ್ಯೂಮಿನಿಯಂಗೆ ಮಡಿಸಿ ಕೂರಿಸಿರೋ ಅಂಚಿನಲ್ಲಿ ಸಾಸಿವೆ ಗಾತ್ರದ ಹಸಿರು ಹನಿ. ಬೆರಳಲ್ಲಿ ಒರೆಸಿದರೆ ಮತ್ತೆ ಮೂಡಿತು. ಸುತ್ತ ಒಣಗಿದ ಹಸಿರು ಕಲೆ.

ಪ್ರೆಷರ್ ಏರಿದಾಗ ಮಾತ್ರ ಸೋರುತ್ತೆ, ಸೋರಿದ್ದು ಬಿಸಿ ಲೋಹದ ಮೇಲೇ ಆವಿಯಾಗುತ್ತೆ. ನೆಲಕ್ಕೆ ಬೀಳೋಕೆ ಪುರುಸೊತ್ತೆಲ್ಲಿ? ಕೂಲಂಟ್ ಕಮ್ಮಿಯಾಗೋದು ಒಂದು ಕಡೆ, ಪ್ರೆಷರ್ ನಿಲ್ಲದಿರೋದು ಇನ್ನೊಂದು ಕಡೆ. 1 ಬಾರ್ ಪ್ರೆಷರ್ ಇದ್ದರೆ ನೀರು ಕುದಿಯೋದು ಸುಮಾರು 120 ಡಿಗ್ರಿಗೆ, ಇಲ್ಲದಿದ್ದರೆ 100ಕ್ಕೇ.

ಅಂಟು ಹಚ್ಚಿ ನಡೆಸಬಹುದು ಅಂದವರಿದ್ದರು. ಈ ಬಿಸಿಲಿಗೆ ಅದು ಎಷ್ಟು ದಿನ ಬಂದೀತು? ರೇಡಿಯೇಟರ್ ಮತ್ತು ಕ್ಯಾಪ್ ಎರಡೂ ಹೊಸದು ಹಾಕಿಸಿದೆ. ನಮ್ಮ ಕಡೆ ಬೋರ್ ನೀರು ಗಡಸು, ಒಳಗೆ ಬಿಳಿ ಪದರ ಕಟ್ಟುತ್ತೆ. ಅದಕ್ಕೇ ಕೂಲಂಟ್‌ಗೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರನ್ನೇ ಅರ್ಧಕ್ಕರ್ಧ ಬೆರೆಸಿದೆ. ತುಂಬಿದ ಮೇಲೆ ಹೀಟರ್ ಫುಲ್ ಇಟ್ಟು, ಫ್ಯಾನ್ ಹತ್ತಿ ಆರುವವರೆಗೂ ಇಂಜಿನ್ ಓಡಿಸಿ ಗಾಳಿ ಬಿಡಿಸಬೇಕು. ಮಾರನೇ ದಿನ ತಣ್ಣಗಿದ್ದಾಗ ನೋಡಿದರೆ ಮಟ್ಟ ಸ್ವಲ್ಪ ಇಳಿದಿರುತ್ತೆ. ಅದು ಸೋರಿಕೆಯಲ್ಲ, ಒಳಗಿದ್ದ ಗಾಳಿ ಹೊರಬಂದಿದ್ದು. ಒಮ್ಮೆ ತುಂಬಿಸಿದರೆ ಸಾಕು.