ಮಕ್ಕಳನ್ನು ಊರ ಕಡೆ ಓದಲು ಕಳಿಸುವ ಮುಂಚೆ: ಮುಂಬಯಿಯ ಅಪ್ಪ-ಅಮ್ಮಂದಿರಿಗೆ

ಮುಂಬಯಿಯ ಒಂದು ಕಾಲೇಜಿನ ಆಫೀಸಿನಲ್ಲಿ ಅಡ್ಮಿಷನ್ ಕೌಂಟರ್ ನೋಡಿಕೊಂಡೇ ನಾನು ರಿಟೈರ್ ಆದವಳು. ಈಗ ಡೊಂಬಿವಲಿಯಲ್ಲಿ ಮನೆ. ಹನ್ನೆರಡನೆಯ ಕ್ಲಾಸಿನ ರಿಸಲ್ಟ್ ಬಂದ ವಾರ ನಮ್ಮವರು ಯಾರಾದರೂ ಫೈಲು ಹಿಡಿದುಕೊಂಡು ಬಂದೇ ಬರುತ್ತಾರೆ. "ಅಕ್ಕಾ, ಮಗಳನ್ನು ಮಂಗಳೂರಿಗೆ ಹಾಕುವಾ ಅಂತ ಇದ್ದೇವೆ, ಏನು ಹೇಳ್ತೀರಿ?" ಮಂಗಳೂರು ಅಲ್ಲದಿದ್ದರೆ ಮೈಸೂರು, ಅದೂ ಅಲ್ಲದಿದ್ದರೆ ಧಾರವಾಡ. ಅಜ್ಜಿ ಮನೆ ಹತ್ತಿರ ಇದೆ, ಸರ್ಕಾರಿ ಯೂನಿವರ್ಸಿಟಿ, ಖರ್ಚು ಕಡಿಮೆ, ಭಾಷೆ ನಮ್ಮದೇ. ಕಾರಣಗಳೆಲ್ಲ ಸರಿಯೇ. ಆದರೆ ನಾನು ಮೊದಲು ಕೇಳುವುದು ಹುಡುಗಿ ಹತ್ತನೆಯದು ಎಲ್ಲಿ ಮಾಡಿದಳು, ಹನ್ನೆರಡನೆಯದು ಎಲ್ಲಿ ಮಾಡಿದಳು ಅಂತ. ಸರ್ಕಾರಿ ಸೀಟು ಕೊಡುವವರು ನಮ್ಮ ಊರು ಯಾವುದು ಅಂತ ಹುಡುಕುವುದು ಅಲ್ಲೇ. ಅಂದರೆ ಈ ತೀರ್ಮಾನದ ಅರ್ಧ ಭಾಗ ಹತ್ತನೆಯದು ಮುಗಿದ ಬೇಸಿಗೆಯಲ್ಲೇ ಆಗಿಹೋಗಿರುತ್ತದೆ. ನಿಮ್ಮ ಮಗು ಈಗ ಒಂಬತ್ತರಲ್ಲೋ ಹತ್ತರಲ್ಲೋ ಇದ್ದರೆ ಇದನ್ನು ಓದಲು ಸರಿಯಾದ ಸಮಯ.

ಮೊದಲು ಕರ್ನಾಟಕದ ಲೆಕ್ಕ. ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ ಅನ್ನುವ ಪ್ರವೇಶ ಪರೀಕ್ಷೆಯ ಸೀಟಿಗೆ ಮಾಮೂಲಿ ನಿಯಮ ಏನೆಂದರೆ, ಒಂದರಿಂದ ಹನ್ನೆರಡರವರೆಗಿನ ಓದಿನಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಆಗಿರಬೇಕು. ಹತ್ತನೆಯದೋ ಹನ್ನೆರಡನೆಯದೋ ಅಲ್ಲೇ ಪಾಸಾಗಿರಬೇಕು. ಘಾಟ್ಕೋಪರಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಇದು ಆಗುವ ಮಾತಲ್ಲ. ಇನ್ನೊಂದು ದಾರಿ ಇದೆ. ಮಗು ಪಿಯುಸಿಯ (ಹನ್ನೊಂದು, ಹನ್ನೆರಡು) ಎರಡೂ ವರ್ಷ ಕರ್ನಾಟಕದಲ್ಲಿ ಓದಿ, ಅಪ್ಪ ಅಥವಾ ಅಮ್ಮ ಹಿಂದೆ ಕನಿಷ್ಠ 7 ವರ್ಷ ಅಲ್ಲಿ ಓದಿದ್ದರೆ ಸಾಕು. ಏಳನೇ ಕ್ಲಾಸು ಮುಗಿಸಿ ಹೋಟೆಲ್ ಕೆಲಸಕ್ಕೆ ಅಂತ ಬಸ್ಸು ಹತ್ತಿದ ನಮ್ಮ ಗಂಡಸರಿಗೆ ಈ ನಿಯಮ ಅಳತೆ ತೆಗೆದು ಹೊಲಿದಂತಿದೆ.

ಆದರೆ ಅಪ್ಪ ಓದಿದ್ದಕ್ಕೆ ಪುರಾವೆ ಬೇಕು. ಅದು ವ್ಯಾಸಂಗ ಪ್ರಮಾಣಪತ್ರ. ಊರಿನ ಶಾಲೆಯ ಮುಖ್ಯೋಪಾಧ್ಯಾಯರು ಬರೆದು ಕೊಡಬೇಕು, ಅದರ ಮೇಲೆ ಬಿಇಒ (ತಾಲೂಕಿನ ಶಿಕ್ಷಣಾಧಿಕಾರಿ) ಸಹಿ, ಸೀಲು ಬೀಳಬೇಕು. ನಮ್ಮ ಬಿಲ್ಡಿಂಗಿನ ಒಬ್ಬರು ಇದಕ್ಕೆಂದೇ ಕಾರ್ಕಳದ ಕಡೆಯ ಹಳ್ಳಿಗೆ ಹೋದರು. ಹಳೆಯ ದಾಖಲಾತಿ ಪುಸ್ತಕ ಸಿಕ್ಕಿತು, ಹೆಸರೂ ಸಿಕ್ಕಿತು. ಆದರೆ ಅದರಲ್ಲಿ ಬರೆದದ್ದು "ಶೀನ" ಅಂತ. ಆಧಾರ್, ಪ್ಯಾನ್, ಮಗಳ ಮಾರ್ಕ್ಸ್ ಕಾರ್ಡು ಎಲ್ಲದರಲ್ಲೂ "ಶ್ರೀನಿವಾಸ". ಹುಟ್ಟಿದ ತಾರೀಕೂ ಮೇಷ್ಟ್ರು ಅಂದಾಜಿನಲ್ಲಿ ಬರೆದ ಜೂನ್ ಒಂದು! ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ, ಬಿಇಒ ಆಫೀಸಿಗೆ ಅಲೆದು ಮುಗಿಯುವಾಗ ಅವರ ರಜೆಯೂ ಮುಗಿದಿತ್ತು. ಆದ್ದರಿಂದ ಈ ಕಾಗದವನ್ನು ಸೀಟು ಸಿಗುವ ಹೊತ್ತಿಗೆ ಹುಡುಕುವುದು ಬೇಡ. ಈ ಸಲ ಜಾತ್ರೆಗೋ ಮದುವೆಗೋ ಊರಿಗೆ ಹೋದಾಗಲೇ ಮಾಡಿಸಿಡಿ. ಶಾಲೆ ಮುಚ್ಚಿದ್ದರೆ ದಾಖಲೆ ಎಲ್ಲಿಗೆ ಹೋಯಿತು ಅನ್ನುವುದನ್ನು ಬಿಇಒ ಆಫೀಸಿನಲ್ಲಿ ಕೇಳಬೇಕು.

ಮುಂಬಯಿಯಲ್ಲೇ ಹನ್ನೆರಡು ಮುಗಿಸಿದವರಿಗೆ ಹೊರನಾಡು ಕನ್ನಡಿಗ ಅನ್ನುವ ಕಲಂ ಇದೆ. ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕಿನವರಿಗೆ ಗಡಿನಾಡು ಕನ್ನಡಿಗ ಅನ್ನುವುದು. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಜೊತೆಗೆ ಕೆಇಎಯ ಕನ್ನಡ ಪರೀಕ್ಷೆ ಬರೆಯಬೇಕು. 50ಕ್ಕೆ 12 ಬಂದರೆ ಪಾಸು. ನಗಬೇಡಿ. ಮನೆಯಲ್ಲಿ ಪಟಪಟ ಮಾತಾಡುವ ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಒತ್ತಕ್ಷರ ಬರೆಯಲು ಬರುವುದಿಲ್ಲ. ಇಂಗ್ಲಿಷ್ ಮೀಡಿಯಂ, ಎರಡನೇ ಭಾಷೆ ಹಿಂದಿ, ಮೂರನೆಯದು ಮರಾಠಿ, ಇನ್ನು ಕನ್ನಡಕ್ಕೆ ಜಾಗ ಎಲ್ಲಿ? ಒಂದು ಬೇಸಿಗೆ ರಜೆಯಲ್ಲಿ ದಿನಾ ಒಂದು ಪುಟ ಬರೆಸಿದರೆ ಸಾಕು. ಷರತ್ತುಗಳು ಸಣ್ಣಪುಟ್ಟದ್ದು ಬದಲಾಗುತ್ತಿರುತ್ತವೆ, ಹಾಗಾಗಿ ಆಯಾ ವರ್ಷದ ಕೆಇಎ ಬ್ರೋಷರನ್ನೇ ಓದಿ. ಭಾವನ ಮಗ ಹೇಳಿದ್ದನ್ನು ನಂಬಬೇಡಿ.

ಇನ್ನು ಬಿಟ್ಟುಹೋಗುವುದರ ಲೆಕ್ಕ. ಇದನ್ನು ಯಾರೂ ಹಾಕುವುದಿಲ್ಲ. ಹತ್ತನೆಯದು ಮುಂಬಯಿಯಲ್ಲಿ ಮುಗಿಸಿ ಪಿಯುಸಿಗೆ ಮಂಗಳೂರಿನ ಹಾಸ್ಟೆಲಿಗೆ ಸೇರಿಸುವುದು ನಮ್ಮಲ್ಲಿ ಮಾಮೂಲಿ, ಅಲ್ವಾ? ಮಗುವಿಗೆ ಡಾಕ್ಟರ್ ಆಗುವ ಆಸೆ ಇದ್ದರೆ ಇಲ್ಲಿ ತುಂಬಾ ಹುಷಾರಾಗಿರಬೇಕು. ಮಹಾರಾಷ್ಟ್ರದ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ 85 ಶೇಕಡಾ ಸೀಟು ರಾಜ್ಯದವರಿಗೆ. ಅದಕ್ಕೆ ಡೊಮಿಸೈಲ್ (ರಾಜ್ಯದಲ್ಲೇ ವಾಸ ಅನ್ನುವ ಸರ್ಟಿಫಿಕೇಟು) ಜೊತೆಗೆ ಹತ್ತು ಮತ್ತು ಹನ್ನೆರಡು ಎರಡೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು. ಪಿಯುಸಿ ಮಂಗಳೂರಿನಲ್ಲಿ ಮಾಡಿದರೆ ಇಲ್ಲಿಯ ಬಾಗಿಲು ಮುಚ್ಚಿತು. ಅಪ್ಪ-ಅಮ್ಮ ಇಬ್ಬರೂ ಮುಂಬಯಿಯಲ್ಲೇ ಓದಿದವರಾದರೆ ಅಲ್ಲಿಯ ಬಾಗಿಲೂ ತೆರೆಯುವುದು ಕಷ್ಟ. ಉಳಿಯುವುದು ಆಲ್ ಇಂಡಿಯಾ ಕೋಟಾದ 15 ಶೇಕಡಾ, ಇಲ್ಲವಾದರೆ ಪ್ರೈವೇಟ್. ಎಂಜಿನಿಯರಿಂಗಿಗೆ ಇಷ್ಟು ಬಿಗಿ ಇಲ್ಲ, ಅಪ್ಪನದೋ ಅಮ್ಮನದೋ ಡೊಮಿಸೈಲ್ ಇದ್ದರೂ ಮಹಾರಾಷ್ಟ್ರದ ಕ್ಯಾಪ್ ರೌಂಡಿಗೆ, ಅಂದರೆ ಸರ್ಕಾರವೇ ಸೀಟು ಹಂಚುವ ಸುತ್ತಿಗೆ, ದಾರಿ ಇದೆ. ಮಹಾರಾಷ್ಟ್ರದ ಡೊಮಿಸೈಲಿಗೆ 15 ವರ್ಷದ ವಾಸ ತೋರಿಸಬೇಕು. ಹಳೆಯ ಕರೆಂಟ್ ಬಿಲ್ಲು, ರೇಷನ್ ಕಾರ್ಡು ಎಸೆಯಬೇಡಿ.

ಎನ್‌ಐಟಿಯದು ಇದರ ತಿರುಗುಮುರುಗು. ಇವು ಕೇಂದ್ರದ ಎಂಜಿನಿಯರಿಂಗ್ ಕಾಲೇಜುಗಳು, ಸೀಟು ಜೆಇಇ ಪರೀಕ್ಷೆಯ ಮೇಲೆ. ಅಲ್ಲಿ ಅರ್ಧ ಸೀಟು ಆ ರಾಜ್ಯದವರಿಗೆ, ಮತ್ತು ರಾಜ್ಯ ಯಾವುದು ಅಂತ ನೋಡುವುದು ಹನ್ನೆರಡನೆಯದು ಎಲ್ಲಿ ಪಾಸಾದರು ಅನ್ನುವುದರ ಮೇಲೆ. ಹುಟ್ಟಿದ ಊರು, ಡೊಮಿಸೈಲ್ ಯಾವುದೂ ಲೆಕ್ಕಕ್ಕಿಲ್ಲ. ಮುಂಬಯಿಯಲ್ಲಿ ಪಾಸಾದರೆ ನಾಗಪುರದ ಎನ್‌ಐಟಿ ನಿಮ್ಮದು, ಮಂಗಳೂರಿನಲ್ಲಿ ಪಾಸಾದರೆ ಸುರತ್ಕಲ್ ನಿಮ್ಮದು. ಮಗು ಜೆಇಇಗೆ ನಿಜವಾಗಿಯೂ ಓದುತ್ತಿದ್ದರೆ ಪಿಯುಸಿಗೆ ಊರಿಗೆ ಕಳಿಸುವುದಕ್ಕೆ ಇದೊಂದು ಗಟ್ಟಿ ಕಾರಣ. ಸುಮ್ನೆ "ಅಲ್ಲಿ ಓದು ಚೆನ್ನಾಗಿದೆ" ಅನ್ನುವುದಕ್ಕಿಂತ ಗಟ್ಟಿ.

ದುಡ್ಡಿನ ವಿಷಯ. 2024ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರು), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು), ಒಬಿಸಿ ಹುಡುಗಿಯರ ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು, ಕ್ಯಾಪ್ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದರೆ ಟ್ಯೂಷನ್ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಸರ್ಕಾರದ್ದು. ಮಗಳು ರಾಜ್ಯ ದಾಟಿದರೆ ಇದು ಸಿಗುವುದಿಲ್ಲ. ಕರ್ನಾಟಕದಲ್ಲಿ ಫೀಸು ಕಡಿಮೆ ಅನ್ನುವವರು ಇದನ್ನು ಪಕ್ಕದಲ್ಲಿಟ್ಟು ನೋಡಬೇಕು, ಹಾಸ್ಟೆಲ್ ಖರ್ಚು ಸೇರಿಸಿ. ಜಾತಿ ಸರ್ಟಿಫಿಕೇಟೂ ಗಡಿ ದಾಟುವಾಗ ಕೈಕೊಡುತ್ತದೆ. ಊರಲ್ಲಿ ಹಿಂದುಳಿದ ವರ್ಗದ 2ಎ ಪಟ್ಟಿಯಲ್ಲಿ ಇರುವ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿ ಇಲ್ಲದೇ ಇರಬಹುದು. ಇಲ್ಲಿಯ ಸರ್ಟಿಫಿಕೇಟು ಅಲ್ಲಿಯ ರಾಜ್ಯ ಕೋಟಾಕ್ಕೆ ನಡೆಯುವುದಿಲ್ಲ. ಕೇಂದ್ರದ ಸಂಸ್ಥೆಗಳಿಗೆ ಕೇಂದ್ರದ ಪಟ್ಟಿಯೇ ಬೇರೆ.

ಬಿಎ, ಬಿಎಸ್‌ಸಿ, ಎಂಎ ಥರದ ಓದಿಗೆ ಇಷ್ಟೆಲ್ಲ ತಲೆಬಿಸಿ ಇಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಅನ್ನುವ ಒಂದೇ ಪ್ರವೇಶ ಪರೀಕ್ಷೆ ಇದೆ. ಹೈದರಾಬಾದ್ ಆಗಲಿ, ಕಲಬುರಗಿ ಹತ್ತಿರದ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಾಗಲಿ, ಮುಂಬಯಿಯವರು ಹೊರಗಿನವರು ಅನ್ನುವ ಪ್ರಶ್ನೆ ಬರುವುದಿಲ್ಲ. ಅಲ್ಲಿ ನೋಡಬೇಕಾದ್ದು ವಿಭಾಗ. ಯೂನಿವರ್ಸಿಟಿಯ ಹೆಸರು ಮೈಸೂರಿನ ಹಾಗೆ 1916ರದ್ದಾದರೇನು, ನಿಮ್ಮ ಮಗು ಸೇರುವ ವಿಭಾಗದಲ್ಲಿ ಖಾಯಂ ಮೇಷ್ಟ್ರು ಇಬ್ಬರೇ ಇದ್ದು ಉಳಿದವರೆಲ್ಲ ಅತಿಥಿ ಉಪನ್ಯಾಸಕರಾದರೆ ಅದನ್ನು ತಿಳಿದುಕೊಂಡೇ ಸೇರಬೇಕು. ಹೇಗೆ ತಿಳಿಯುವುದು? ಮುಖ್ಯಸ್ಥರನ್ನು ಕೇಳಬೇಡಿ. ಕ್ಯಾಂಟೀನಿನಲ್ಲಿ ಕೂತ ಎರಡನೇ ವರ್ಷದವರಿಗೆ ಚಹಾ ಕೊಡಿಸಿ ಕೇಳಿ. ಕಳೆದ ಸೆಮಿಸ್ಟರಿನ ರಿಸಲ್ಟ್ ಯಾವಾಗ ಬಂತು, ಲ್ಯಾಬಿನ ಕೀಲಿ ಯಾರ ಹತ್ತಿರ ಇರುತ್ತದೆ, ಪಿಎಚ್‌ಡಿಯವರು ಎಷ್ಟು ಜನ ಇದ್ದಾರೆ. ನೋಟಿಸ್ ಬೋರ್ಡಿನಲ್ಲಿ ಹೋದ ವರ್ಷದ ಟೈಂಟೇಬಲ್ ಇನ್ನೂ ನೇತಾಡುತ್ತಿದ್ದರೆ ಅದೂ ಒಂದು ಉತ್ತರವೇ.

ಡಿಗ್ರಿ ಎಷ್ಟು ವರ್ಷದ್ದು ಅನ್ನುವುದನ್ನೂ ನೋಡಿಕೊಳ್ಳಿ. ಕರ್ನಾಟಕ 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಮಹಾರಾಷ್ಟ್ರ ನಾಲ್ಕು ವರ್ಷದ ಆನರ್ಸ್ ದಾರಿ ಹಿಡಿದಿದೆ. ಡಿಗ್ರಿ ಅಲ್ಲಿ, ಎಂಎ ಇಲ್ಲಿ ಅಂತ ಯೋಚನೆ ಇದ್ದರೆ ಈಗಲೇ ಲೆಕ್ಕ ಹಾಕಬೇಕು. ಹಾಗೇ ಒಂದು ಮಾತು: ಮಗುವಿಗೆ ಕನ್ನಡ ಎಂಎ ಬೇಕಿದ್ದರೆ ಊರಿಗೇ ಹೋಗಬೇಕು ಅಂತೇನಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕಲೀನಾದಲ್ಲೇ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲೇ, ಮರುವರ್ಷ ಅಲ್ಲಿಗೆ ಹೋಯಿತು.

ಜಾಗ ನೋಡಲು ಹೋಗುವುದಾದರೆ ಜುಲೈಯಲ್ಲಿ ಹೋಗಿ. ಡಿಸೆಂಬರಿನಲ್ಲಿ ಮಂಗಳೂರು ಯೂನಿವರ್ಸಿಟಿ ಇರುವ ಕೊಣಾಜೆ ಗುಡ್ಡ ಯಾರಿಗಾದರೂ ಇಷ್ಟವಾಗುತ್ತದೆ. ಜಡಿಮಳೆಯಲ್ಲಿ ಹಾಸ್ಟೆಲಿನಿಂದ ವಿಭಾಗಕ್ಕೆ ನಡೆದು, ಮಂಗಳೂರು ಪೇಟೆಯಿಂದ ಸಂಜೆ ಬಸ್ಸಿನಲ್ಲಿ ವಾಪಸ್ ಬಂದು ನೋಡಬೇಕು. ರಾತ್ರಿ ಹನ್ನೊಂದಕ್ಕೂ ಲೋಕಲ್ ಹತ್ತಿ ಅಭ್ಯಾಸವಾದ ಮುಂಬಯಿ ಹುಡುಗಿಗೆ ಹಾಸ್ಟೆಲಿನ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅನ್ನುವುದು ದೊಡ್ಡ ವಿಷಯ. ಅಜ್ಜಿ ಮನೆ ಹತ್ತಿರ ಇರುವುದು ಅವಳಿಗೆ ಧೈರ್ಯವೋ ಕಾವಲೋ, ಅದನ್ನು ಅವಳನ್ನೇ ಕೇಳಿ. ಮಂಗಳೂರಿಗೆ ಮತ್ಸ್ಯಗಂಧ ರೈಲು ಹತ್ತಿದರೆ ಒಂದು ರಾತ್ರಿ ಸಾಕು, ಮೈಸೂರಿಗಾದರೆ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ. ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ತೆರೆಯುವುದು, ಚೌತಿಯ ಸಮಯದಲ್ಲಿ ಕೊಂಕಣ ರೈಲಿನ ಸೀಟು ಕಣ್ಣು ಮುಚ್ಚಿ ತೆರೆಯುವುದರೊಳಗೆ ಖಾಲಿ.

ಇಷ್ಟಾದ ಮೇಲೂ ಹೋಗುವುದೇ ಅಂತಾದರೆ ಕಾಗದಗಳು. ಕಾಲೇಜಿನಿಂದ ಎಲ್‌ಸಿ, ಅಂದರೆ ಕಾಲೇಜು ಬಿಟ್ಟ ಸರ್ಟಿಫಿಕೇಟು, ಅದನ್ನೇ ಅಲ್ಲಿ ಟಿಸಿ ಅಂತ ಕೇಳುತ್ತಾರೆ. ಬೋರ್ಡಿನಿಂದ ಮೈಗ್ರೇಷನ್ ಸರ್ಟಿಫಿಕೇಟು, ಬೇರೆ ಕಡೆ ಓದಲು ಹೋಗಬಹುದು ಅನ್ನುವ ಕಾಗದ. ಬೇರೆ ರಾಜ್ಯದವರಿಗೆ ಅಲ್ಲಿಯ ಯೂನಿವರ್ಸಿಟಿಯ ಎಲಿಜಿಬಿಲಿಟಿ ಸರ್ಟಿಫಿಕೇಟೂ ಬೇಕಾಗುತ್ತದೆ, ಇದಕ್ಕೆ ಅರ್ಜಿ ಹಾಕಲು ಮರೆತು ಪರೀಕ್ಷೆ ಹತ್ತಿರ ಬಂದಾಗ ಓಡಾಡುವವರು ಜಾಸ್ತಿ. ಒರಿಜಿನಲ್ ಮಾರ್ಕ್ಸ್ ಕಾರ್ಡು ನಮ್ಮ ಹತ್ತಿರವೇ ಇರಲಿ ಅಂತ ಯಾವ ಆಫೀಸಾದರೂ ಹೇಳಿದರೆ ಒಪ್ಪಬೇಡಿ. ಪರಿಶೀಲಿಸಿ ಅಲ್ಲೇ ವಾಪಸ್ ಕೊಡಬೇಕು ಅಂತ ಯೂನಿವರ್ಸಿಟಿಗಳನ್ನು ನೋಡಿಕೊಳ್ಳುವ ಕೇಂದ್ರದ ಯುಜಿಸಿ 2018ರಲ್ಲೇ ಹೇಳಿದೆ. ಆ ಸೂಚನೆಯ ಒಂದು ಪ್ರಿಂಟು ಫೈಲಿನಲ್ಲಿಟ್ಟುಕೊಂಡೇ ಕೌಂಟರಿಗೆ ಹೋಗಿ.