ಟೈಮಿಂಗ್ ಬೆಲ್ಟ್ ಹಾಕಿದ ಮೇಲೆ ಮಾರ್ಕ್ ಒಂದು ಹಲ್ಲು ಆಚೀಚೆ ಬಂತಾ?

ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ಶಾಫ್ಟ್), ಕ್ಯಾಮ್ (ವಾಲ್ವ್ ತೆರೆಯುವ ಮೇಲಿನ ಶಾಫ್ಟ್) ಎರಡನ್ನೂ ಜೋಡಿಸುವ ಟೈಮಿಂಗ್ ಬೆಲ್ಟ್ ಹಾಕಿ, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಬಿಟ್ಟಿದ್ದೀರಿ, ನೋಡಿದರೆ ಕ್ಯಾಮ್ ಮಾರ್ಕ್ ಒಂದು ಹಲ್ಲು ಆಚೆ ನಿಂತಿದೆ. ಗಾಬರಿ ಬೇಡ. ಆದರೆ ‘ಒಂದೇ ಹಲ್ಲು ಅಲ್ವಾ, ಸೆಲ್ಫ್ ಹೊಡೆದು ನೋಡೋಣ’ ಅಂತ ಮಾತ್ರ ಹೋಗಬೇಡಿ. ಎಷ್ಟೋ ಎಂಜಿನ್‌ಗಳಲ್ಲಿ ಟೈಮಿಂಗ್ ತಪ್ಪಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬೆಂಡ್ ಆದರೆ ಹೆಡ್ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲಿನ ಭಾಗ) ಇಳಿಸಬೇಕು.

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ನನ್ನ ಗ್ಯಾರೇಜು. ಬರುವುದು ಹೆಚ್ಚಾಗಿ ಹಳೆ ಆಲ್ಟೊ 800, ಓಮ್ನಿ, ಸ್ಯಾಂಟ್ರೋ. ಎಲ್ಲಾ ಬೆಲ್ಟ್ ಗಾಡಿಗಳೇ. ಸ್ವಿಫ್ಟ್ ಡೀಸೆಲ್ ಇರುವವರು ಇಲ್ಲಿಗೇ ಓದು ನಿಲ್ಲಿಸಬಹುದು, ಅದರಲ್ಲಿ ಚೈನ್ ಇದೆ.

ಬೆಲ್ಟ್ ಮುಟ್ಟುವ ಮೊದಲು ನೀವು ನೋಡುತ್ತಿರುವುದು ಯಾವ ಮಾರ್ಕ್ ಅಂತ ನೋಡಿಕೊಳ್ಳಿ. ಹೊರಗಿನ ಕ್ರ್ಯಾಂಕ್ ಪುಲ್ಲಿ ಮೇಲಿನ ಗೀಟು ಸಾಮಾನ್ಯವಾಗಿ ಕವರ್ ಮೇಲಿನ ಗುರುತಿನ ಜೋಡಿ. ಕವರ್ ಬಿಚ್ಚಿದ ಮೇಲೆ ಅದನ್ನು ಹಿಡಿದು ಏನು ಮಾಡುತ್ತೀರಿ? ಪುಲ್ಲಿಯ ನಡುವೆ ರಬ್ಬರ್ ಇದ್ದು, ಅದು ಸಡಿಲಾಗಿ ಹೊರಗಿನ ಬಳೆ ತಿರುಗಿದ್ದರೆ ಆ ಗೀಟು ಸುಳ್ಳೇ ಹೇಳುತ್ತದೆ. ಬೆಲ್ಟ್ ಕೂರುವ ಒಳಗಿನ ಗೇರಿನ ಚುಕ್ಕೆ ಬೇರೆ. ಅದರ ಜೋಡಿ ಹೆಚ್ಚಾಗಿ ಆಯಿಲ್ ಪಂಪಿನ ಮೈಮೇಲೆ ಇರುತ್ತದೆ. ವಾಡಿ, ಸೇಡಂ ಕಡೆ ಓಡಾಡುವ ಗಾಡಿಗಳಲ್ಲಿ ಸಿಮೆಂಟ್ ಧೂಳಿಗೆ ಸೋರಿದ ಆಯಿಲ್ ಸೇರಿ ಆ ಗುರುತು ಮುಚ್ಚಿಹೋಗಿರುತ್ತದೆ. ಬ್ರಷ್ ಹಾಕಿ ತಿಕ್ಕಿ, ಚುಕ್ಕೆಗೆ ವೈಟ್ನರ್ ಹಚ್ಚಿ. ಹೊಸ ಬೆಲ್ಟಿಗೆ ಆಯಿಲ್, ಡೀಸೆಲ್ ತಾಗಬಾರದು. ಸೀಲ್ ಸೋರುತ್ತಿದ್ದರೆ ಈಗಲೇ ಬದಲಿಸಿ.

ಬೆಲ್ಟ್ ಕೂತಿದೆ, ಕ್ರ್ಯಾಂಕ್ ಸರಿ ಇದೆ, ಕ್ಯಾಮ್ ಮಾತ್ರ ಪೂರ್ತಿ ಉಲ್ಟಾ ಬದಿಗೆ ಇದೆಯಾ? ಅದು ತಪ್ಪೇ ಅಲ್ಲ. ಕ್ರ್ಯಾಂಕ್ ಎರಡು ಸುತ್ತು ಹೊಡೆದರೆ ಕ್ಯಾಮ್ ಒಂದು ಸುತ್ತು. ಕ್ರ್ಯಾಂಕನ್ನು ಇನ್ನೊಂದು ಸುತ್ತು ತಿರುಗಿಸಿ, ಬಂದು ಕೂರುತ್ತದೆ.

ಒಂದು ಹಲ್ಲು ತಪ್ಪಿದ್ದರೆ ನಾನು ಮೊದಲು ಅನುಮಾನ ಪಡುವುದು ಸಡಿಲನ್ನು. ಟೆನ್ಷನರ್ ಬಿಗಿ ಮಾಡುವುದು ತನ್ನ ಬದಿಯನ್ನು. ಎದುರು ಬದಿಯಲ್ಲಿ ಚೂರು ಸಡಿಲು ಉಳಿದರೂ, ಟೆನ್ಷನರ್ ಬಿಟ್ಟ ಕೂಡಲೇ ಅದು ಬೆಲ್ಟ್ ಜಗ್ಗುತ್ತದೆ, ಕ್ಯಾಮ್ ಗೇರು ಅದರ ಕಡೆಗೆ ಹೊರಳುತ್ತದೆ. ಹಾಗಾಗಿ ಮಾರ್ಕ್ ಟೆನ್ಷನರ್ ಕಡೆಗೇ ಸರಿದಿದ್ದರೆ ಕಾರಣ ಬಹುತೇಕ ಇದೇ. ಟೆನ್ಷನರ್ ಸಡಿಲಿಸಿ, ಕ್ಯಾಮ್ ಗೇರಿನಿಂದ ಬೆಲ್ಟ್ ಜಾರಿಸಿ, ಪಾನಾ ಹಾಕಿ ಕ್ಯಾಮನ್ನು ಮಾರ್ಕಿಗೆ ತನ್ನಿ. ಆಮೇಲೆ ಕ್ರ್ಯಾಂಕಿನಿಂದ ಶುರು ಮಾಡಿ, ಟೆನ್ಷನರ್ ಇಲ್ಲದ ಬದಿಯನ್ನು ಎಳೆದು ಹಿಡಿದು ಮೇಲೆ ಹತ್ತಿಸಿ. ಕ್ಯಾಮ್ ಗೇರಿನ ಮೇಲೆ ಬೆಲ್ಟಿಗೆ ಬಟ್ಟೆ ಕ್ಲಿಪ್ ಹಾಕಿದರೆ ಜಾರುವುದಿಲ್ಲ. ಕೊನೆಗೆ ಟೆನ್ಷನರ್ ಬದಿ.

ಅರ್ಧ ಹಲ್ಲು ತಪ್ಪಿದಂತೆ ಕಂಡರೆ ಮೊದಲು ಬಗ್ಗಿ ನೇರಕ್ಕೆ ನಿಂತು ನೋಡಿ. ಮೇಲಿನಿಂದ ಓರೆಯಾಗಿ ನೋಡಿದರೆ ಸರಿ ಇದ್ದದ್ದೂ ತಪ್ಪಾಗಿ ಕಾಣುತ್ತದೆ. ಆಗಲೂ ಹಾಗೇ ಇದ್ದರೆ ಹಿಂದೆ ಹೆಡ್ ಫೇಸಿಂಗ್ ಆಗಿದೆಯಾ ಅಂತ ಗಾಡಿಯವರನ್ನು ಕೇಳಿ. ಲೇತಿನಲ್ಲಿ ಹೆಡ್ ತರಿದಷ್ಟೂ ಕ್ಯಾಮ್, ಕ್ರ್ಯಾಂಕ್ ಹತ್ತಿರವಾಗುತ್ತವೆ, ಮಾರ್ಕ್ ಕೂದಲೆಳೆ ಸರಿಯುತ್ತದೆ.

ಈಗ ಪರೀಕ್ಷೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಕೈಯಿಂದ ಎರಡು ಸುತ್ತು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ನಿಲ್ಲಿಸಿ, ಜಗ್ಗಬೇಡಿ. ಎರಡು ಸುತ್ತಿನ ನಂತರ ಗೇರಿನ ಮಾರ್ಕ್‌ಗಳು ಕೂಡಬೇಕು. ಬೆಲ್ಟ್ ಮೇಲೆ ಅಚ್ಚಾದ ಗೆರೆಗಳು ಕೂಡುವುದಿಲ್ಲ, ಅವು ಕೂರಿಸುವಾಗಿನ ಗುರುತು ಅಷ್ಟೇ. ಇದು ಗೊತ್ತಿಲ್ಲದೆ ಸರಿಯಾದ ಬೆಲ್ಟನ್ನೇ ಮತ್ತೆ ಬಿಚ್ಚುವವರು ಜಾಸ್ತಿ.

ಟೆನ್ಷನ್ ಸೆಟ್ ಮಾಡುವುದು ತಣ್ಣಗಿನ ಎಂಜಿನ್ ಮೇಲೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಮಧ್ಯಾಹ್ನ ಬಂದ ಗಾಡಿ ಸಂಜೆಯಾದರೂ ಆರುವುದಿಲ್ಲ, ರಾತ್ರಿ ಬಿಟ್ಟು ಬೆಳಿಗ್ಗೆ ಶುರು ಮಾಡಿ.