ಸುರಂಗದ ನೀರಿಗೆ ಕಡಲಾಚೆಯ ಜೊತೆಗಾರರು: ಅನುದಾನಕ್ಕೆ ಅರ್ಜಿ ಹಾಕುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬಾಯಾರು, ಶೇಣಿ, ಪಡ್ರೆಯ ಕಡೆ ಗುಡ್ಡದ ಬುಡದ ಮನೆಗಳಿಗೆ ಹೋದರೆ ಅಡಿಕೆ ಮರದ ದಂಬೆಯಿಂದ, ಅಂದರೆ ಸೀಳಿ ಕೊರೆದ ಕಾಂಡದ ದೋಣಿಯಿಂದ, ನೀರು ಬೀಳುವ ಸದ್ದು ಕಿವಿಗೆ ಬೀಳುತ್ತದೆ. ಪಂಪ್ ಇಲ್ಲ, ಕರೆಂಟ್ ಇಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡವನ್ನು ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಇಳಿದು ಬರುತ್ತದೆ. ಒಬ್ಬ ಮನುಷ್ಯ ಹಾರೆ ಹಿಡಿದು ಹೋಗುವಷ್ಟೇ ಜಾಗ. ಒಳಗೆ ಮೇಣದ ಬತ್ತಿ ಉರಿಯುವವರೆಗೆ ಕೆಲಸ. ಬತ್ತಿ ನಂದಿದರೆ ಗಾಳಿ ಸಾಲದೆಂದು ಅರ್ಥ, ಹಾರೆ ಬಿಟ್ಟು ಹೊರಗೆ ಬರಬೇಕು.

ಇದೇ ಕುಲದ ವಿದ್ಯೆಗೆ ಇರಾನಿನಲ್ಲಿ ಕನಾತ್ ಎನ್ನುತ್ತಾರೆ, ಒಮಾನಿನಲ್ಲಿ ಫಲಜ್, ನಮ್ಮ ಬೀದರಿನಲ್ಲಿ ಕರೇಜ್. ಒಮಾನಿನ ಐದು ಫಲಜ್‌ಗಳು 2006ರಲ್ಲಿ, ಇರಾನಿನ ಕನಾತ್‌ಗಳು 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಕಾಸರಗೋಡಿನ ಸುರಂಗ ತೋಡುವವರು ಮಾತ್ರ ಕೊಳವೆಬಾವಿಯ ಲಾರಿಗೆ ದಾರಿ ಬಿಟ್ಟು ಒಬ್ಬೊಬ್ಬರಾಗಿ ಕೆಲಸ ನಿಲ್ಲಿಸುತ್ತಿದ್ದಾರೆ. ಇರಾನ್, ಒಮಾನಿನವರೂ ನಮ್ಮವರೂ ಒಟ್ಟಿಗೆ ಕೂತು ಕಲಿಯಲು, ಕಲಿಸಲು ಅಂತರರಾಷ್ಟ್ರೀಯ ನೆರವು ಪಡೆಯುವ ದಾರಿಗಳಿವೆ. ಊರಿನ ಸಂಘವೊಂದು ಆ ದಾರಿ ಹಿಡಿಯುವುದು ಹೇಗೆಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು, ನಾವು ಕೊಡುವುದೇನು ಎಂದು ಬರೆಯಿರಿ

ನಮ್ಮೂರಿನ ಸಂಘದ ಮೊದಲ ಅರ್ಜಿ ತಿರಸ್ಕೃತವಾಯಿತು. ಹನ್ನೆರಡು ಪುಟಗಳಲ್ಲಿ ಬೇಸಿಗೆಯ ಬರ, ಬತ್ತಿದ ತೋಡು, ಒಣಗಿದ ತೋಟದ ಕಥೆ ಬರೆದಿದ್ದೆವು. ಬಂದ ಉತ್ತರದಲ್ಲಿ ಒಂದೇ ಪ್ರಶ್ನೆಯಿತ್ತು: ನಿಮ್ಮಿಂದ ಉಳಿದವರು ಕಲಿಯುವುದೇನು? ಜ್ಞಾನ ವಿನಿಮಯದ ಅನುದಾನವೂ ಬರ ಪರಿಹಾರವೂ ಒಂದೇ ಅಲ್ಲವೆಂದು ನನಗೆ ತಿಳಿದದ್ದು ಆಗ. ಗುಡ್ಡದ ಯಾವ ಗಿಡ, ಯಾವ ಮಣ್ಣಿನ ತೇವ ನೋಡಿ ಸುರಂಗದ ಬಾಯಿ ಗುರುತಿಸುತ್ತಾರೆ, ಒಳಗೆ ತಿರುವು ಬಂದಾಗ ಬೆಳಕು ಹೇಗೆ ಹಾಯಿಸುತ್ತಾರೆ, ಏತಡ್ಕದಂಥ ಊರಿನಲ್ಲಿ ಕಟ್ಟವನ್ನು (ತೋಡಿಗೆ ಅಡ್ಡಲಾಗಿ ಹಾಕುವ ತಾತ್ಕಾಲಿಕ ಒಡ್ಡನ್ನು) ವರ್ಷವರ್ಷವೂ ಕೂಡಿ ಕಟ್ಟುವ ಹಂಚಿಕೆ ಹೇಗೆ – ನಾವು ಕೊಡಬಲ್ಲದ್ದು ಇದು. ಒಮಾನಿನವರಿಂದ ನಾವು ಕಲಿಯಬೇಕಾದದ್ದೂ ಇದೆ. ಅಲ್ಲಿ ಒಂದೇ ಫಲಜ್‌ನ ನೀರನ್ನು ಹೊತ್ತಿನ ಲೆಕ್ಕದಲ್ಲಿ ಪಾಲು ಮಾಡುತ್ತಾರೆ. ಪಾಲಿನ ವೇಳೆ ತಿಳಿಯಲು ನೆಟ್ಟ ಕೋಲಿನ ನೆರಳು ನೋಡುತ್ತಿದ್ದರು. ನಮ್ಮಲ್ಲಿ ಸುರಂಗ ಹೆಚ್ಚಾಗಿ ಒಂದು ಮನೆಯ ಸ್ವತ್ತು. ಈ ಕೊಡು-ಕೊಳ್ಳುವಿಕೆಯನ್ನು ಒಂದು ಪುಟದಲ್ಲಿ ಬರೆಯಲು ಆಗದಿದ್ದರೆ ಅರ್ಜಿಗೆ ಇನ್ನೂ ಕಾಲ ಬಂದಿಲ್ಲ.

ಆಮೇಲೆ ಅಳತೆ

ಹತ್ತು ಲೀಟರಿನ ಬಕೆಟ್, ಸೆಕೆಂಡ್ ತೋರಿಸುವ ಮೊಬೈಲ್, ಒಂದು ನೋಟು ಪುಸ್ತಕ ಸಾಕು. ದಂಬೆಯ ಕೆಳಗೆ ಬಕೆಟ್ ಇಟ್ಟು ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಮೂರು ಸಲ ನೋಡಿ, ಸರಾಸರಿ ತೆಗೆಯಿರಿ. 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15 ಲೀಟರ್, ದಿನಕ್ಕೆ 21,600 ಲೀಟರ್. ಜನವರಿ, ಮಾರ್ಚ್, ಮೇ ತಿಂಗಳುಗಳಲ್ಲಿ ಅದೇ ಜಾಗದಲ್ಲಿ ಅಳೆದು ತಾರೀಕು ಹಾಕಿಡಿ. ಇಪ್ಪತ್ತು ಸುರಂಗಗಳ ಇಂಥ ಪಟ್ಟಿ ಇದ್ದರೆ ವಿಶ್ವವಿದ್ಯಾಲಯದವರು ನಿಮ್ಮ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ. ಕನ್ನಡದಲ್ಲೇ ಬರೆದಿಡಿ, ಅನುವಾದ ಆಮೇಲೆ ಮಾಡಿಸಬಹುದು.

ಜೊತೆಗಾರರನ್ನು ಹುಡುಕುವುದು

ಹತ್ತಿರದಿಂದ ಆರಂಭಿಸಿ. ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕೋಯಿಕ್ಕೋಡಿನಲ್ಲಿ ಜಲ ಸಂಪನ್ಮೂಲ ಸಂಶೋಧನಾ ಕೇಂದ್ರವಿದೆ, ತೋಟದ ಬೆಳೆಯ ವಿಚಾರಕ್ಕೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಇದೆ. ಹೊರಗೆ, ಇರಾನಿನ ಯಜ್ದ್ ನಗರದಲ್ಲಿ ಯುನೆಸ್ಕೊ ಆಶ್ರಯದ ಕನಾತ್ ಕೇಂದ್ರವೂ ಒಮಾನಿನ ನಿಜ್ವಾ ವಿಶ್ವವಿದ್ಯಾಲಯದಲ್ಲಿ ಫಲಜ್ ಅಧ್ಯಯನದ ಯುನೆಸ್ಕೊ ಪೀಠವೂ ಇವೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಕೊಲ್ಲಿಯಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ಒಬ್ಬರು ರಜೆಯ ದಿನ ಹೋಗಿ ಮುಖತಃ ಮಾತನಾಡಿ ಬಂದರೆ ಹತ್ತು ಇಮೇಲ್‌ಗಳ ಕೆಲಸವಾಗುತ್ತದೆ. ಒಪ್ಪಿಗೆ ಸಿಕ್ಕಾಗ ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿದ ಪತ್ರ ಪಡೆಯಿರಿ.

ಹಣ ಬರುವ ದಾರಿ

ಹೆಚ್ಚಿನ ಸಂಘಗಳು ಮುಗ್ಗರಿಸುವುದು ಇಲ್ಲಿ. ವಿದೇಶಿ ಮೂಲದ ಹಣ ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಗೃಹ ಸಚಿವಾಲಯದ ನೋಂದಣಿ ಬೇಕು. ಅದಕ್ಕೆ ಸಂಘಕ್ಕೆ ಕನಿಷ್ಠ ಮೂರು ವರ್ಷ ಆಗಿರಬೇಕು, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಮೂಲ ಉದ್ದೇಶಕ್ಕೆ ಒಟ್ಟು 15 ಲಕ್ಷ ರೂಪಾಯಿಯಾದರೂ ಖರ್ಚು ಮಾಡಿರಬೇಕು. ಊರ ಯುವಕ ಮಂಡಲಕ್ಕೆ ಇದು ಭಾರವೇ. ಇನ್ನೊಂದು ದಾರಿ ಪೂರ್ವಾನುಮತಿ: ನಿರ್ದಿಷ್ಟ ದಾನಿ, ನಿರ್ದಿಷ್ಟ ಕೆಲಸ, ನಿರ್ದಿಷ್ಟ ಮೊತ್ತಕ್ಕೆ ದಾನಿಯ ಬದ್ಧತಾ ಪತ್ರ ಇಟ್ಟು ಕೇಳುವುದು. ಎರಡರಲ್ಲೂ ಹಣ ಮೊದಲು ಬಂದು ಸೇರಬೇಕಾದ ಖಾತೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯದ್ದು.

2020ರ ತಿದ್ದುಪಡಿಯನ್ನು ಮರೆಯಬೇಡಿ. ಒಂದು ಸಂಸ್ಥೆಗೆ ಬಂದ ವಿದೇಶಿ ದೇಣಿಗೆಯನ್ನು ಅದು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡಾ 20 ಮೀರುವಂತಿಲ್ಲ. ಹಾಗಾಗಿ 'ನೋಂದಣಿ ಇರುವವರು ಪಡೆದು ನಮಗೆ ಕೊಡುತ್ತಾರೆ' ಎಂಬ ಹಳೆಯ ಏರ್ಪಾಡು ನಡೆಯದು. ನೋಂದಣಿ ಇರುವ ಸಂಸ್ಥೆ ತಾನೇ ನಿಮ್ಮೂರಿನಲ್ಲಿ ಖರ್ಚು ಮಾಡಬಹುದು, ನೀವು ಜ್ಞಾನದ ಪಾಲುದಾರರಾಗಿ ಒಪ್ಪಂದದಲ್ಲಿರಬಹುದು. ಸಣ್ಣ ಸಂಘಕ್ಕೆ ನಾನು ಹೇಳುವುದು ಇದೇ ದಾರಿ. ಒಪ್ಪಂದದಲ್ಲಿ ಯಾರ ಕೆಲಸ ಏನು, ತೆಗೆದ ಚಿತ್ರ ಮತ್ತು ದಾಖಲೆ ಯಾರದ್ದು ಎಂಬುದು ಸ್ಪಷ್ಟವಾಗಿರಲಿ.

ವಿಶ್ವಸಂಸ್ಥೆ ಮತ್ತು ಅದರ ವಿಶೇಷ ಸಂಸ್ಥೆಗಳನ್ನು ಈ ಕಾಯ್ದೆ 'ವಿದೇಶಿ ಮೂಲ' ಎಂದು ಎಣಿಸುವುದಿಲ್ಲ. ಆದ್ದರಿಂದ ಮೊದಲ ಕಣ್ಣು ಆ ಕಡೆ ಇರಲಿ. ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಯೋಜನೆಯನ್ನು 1992ರಿಂದ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ (ಯುಎನ್‌ಡಿಪಿ) ನಡೆಸುತ್ತಿದೆ. ಊರ ಮಟ್ಟದ ಸಂಘಗಳಿಗೆಂದೇ ಇರುವ ಯೋಜನೆ ಅದು. ಒಂದು ಯೋಜನೆಗೆ ಬಹುಕಾಲ 50,000 ಡಾಲರ್ ಮಿತಿ ಇತ್ತು, ಈಗಿನ ಮಿತಿಯನ್ನು ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಯುಎನ್‌ಡಿಪಿಯ ಇಕ್ವೇಟರ್ ಪ್ರಶಸ್ತಿಯೂ ಇದೆ. 2025ರಲ್ಲಿ ಅದು ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ ಬಂದಿತು. ಹಳ್ಳಿಯ ಹೆಣ್ಣುಮಕ್ಕಳು ಸಿರಿಧಾನ್ಯ ಹಿಡಿದು ಅಲ್ಲಿಗೆ ತಲುಪಿದ್ದಾರೆ. ಭಾರತ-ವಿಶ್ವಸಂಸ್ಥೆ ಅಭಿವೃದ್ಧಿ ಸಹಭಾಗಿತ್ವ ನಿಧಿಯ ಹೆಸರು ಕೇಳಿ ಕೆಲವರು ಆಸೆ ಪಡುತ್ತಾರೆ. ಅದು ಇತರ ಅಭಿವೃದ್ಧಿಶೀಲ ದೇಶಗಳಲ್ಲಿನ ಯೋಜನೆಗಳಿಗೆ, ನಮ್ಮ ಸಂಘಕ್ಕಲ್ಲ.

ವಿಷಯ ನೀರಲ್ಲ, ಬೀಜ ಎಂದಾದರೆ ಇನ್ನೊಂದು ಬಾಗಿಲು ತಟ್ಟಬೇಕು. 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದ ಸತ್ಯನಾರಾಯಣ ಬೆಳೇರಿ ನಮ್ಮ ಜಿಲ್ಲೆಯವರೇ. ಅಂಥ ತಳಿಯನ್ನೋ ಅದರ ಅರಿವನ್ನೋ ವಿದೇಶಿ ಸಂಶೋಧಕರು ಪಡೆಯಲು 2002ರ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈಯಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಬೇಕು. ಪಂಚಾಯಿತಿಯ ಜೀವವೈವಿಧ್ಯ ಸಮಿತಿಯನ್ನು ಮೊದಲೇ ಕಾಣಿರಿ.

ಅರ್ಜಿ ಬರೆಯುವಾಗ

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನೂ ಸಾಧಿಸುತ್ತೇವೆ ಎಂದು ಬರೆಯಬೇಡಿ. ನೀರಿಗೆ 6ನೆಯದು, ಸಹಭಾಗಿತ್ವಕ್ಕೆ 17ನೆಯದು, ಅಷ್ಟು ಸಾಕು. ಊರವರ ಶ್ರಮದಾನ, ಸಭೆಗೆ ಕೊಟ್ಟ ಭಜನಾ ಮಂದಿರ, ಊಟ, ಎಲ್ಲಕ್ಕೂ ಬೆಲೆ ಕಟ್ಟಿ 'ನಮ್ಮ ಪಾಲು' ಎಂದು ತೋರಿಸಿ. ಅನುವಾದಕ್ಕೆ ಪ್ರತ್ಯೇಕ ಮೊತ್ತ ಇಡಿ. ತುಳು, ಕನ್ನಡ, ಮಲಯಾಳದಲ್ಲಿ ನಡೆದ ಮಾತು ಅರಬಿಗೆ ಹೋಗಬೇಕಾದರೆ ಅದು ಸಣ್ಣ ಖರ್ಚಲ್ಲ. ರಾಜ್ಯ ಸರ್ಕಾರದ ಕಚೇರಿಗಳಿಂದ ಪ್ರಮಾಣಪತ್ರ ಬೇಕಾದಾಗ ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತರಾದ ನಮಗೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕೊಟ್ಟ ಹಕ್ಕು ಅದು, ಬಳಸದೆ ಬಿಟ್ಟರೆ ಕೈ ತಪ್ಪುತ್ತದೆ.

ಇನ್ನು ಬಜೆಟ್ಟಿನ ಒಂದು ಸಾಲು. ಸುರಂಗ ತೋಡುವವರ ಹೆಸರನ್ನು ಎಲ್ಲರೂ 'ಕೂಲಿ' ಎಂಬ ಕಾಲಮ್ಮಿನಲ್ಲಿ ಹಾಕುತ್ತಾರೆ. ಕತ್ತಲಲ್ಲಿ ಗುಡ್ಡದ ಒಡಲು ಓದಬಲ್ಲವರು ಅವರು. ಅವರ ಹೆಸರು 'ತಜ್ಞರು' ಎಂಬ ಕಾಲಮ್ಮಿನಲ್ಲಿ, ಪ್ರಾಧ್ಯಾಪಕರ ಹೆಸರಿನ ಪಕ್ಕದಲ್ಲೇ, ಅದೇ ಗೌರವಧನದೊಂದಿಗೆ ಇರಲಿ. ನಿಜ್ವಾಕ್ಕೆ ಹೋಗುವ ತಂಡದಲ್ಲೂ ಮೊದಲ ಸೀಟು ಅವರದ್ದು. ಅವರ ಬಳಿ ಪಾಸ್‌ಪೋರ್ಟ್ ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿಸಿ.